ಡ್ರಿಲ್ ಅಕ್ಕೋರು ಓಡಾಕತ್ತಾರ!

ಶೇಗಡಿ... ಅಲ್ಲ, ಶೇಗಡಿ ಅಂದರೆ ಅಡುಗೆಮನೆಯೊಳಗಿನ ಇದ್ದಿಲಿನ ಒಲೆ. ನಾನು ಹೇಳಬೇಕೆಂದಿದ್ದು ಅದಲ್ಲ. ಚಳಿಗಾಲದ ನಸುಕಿನಲ್ಲಿ ರಸ್ತೆಯ ದಂಡೆಗೆ ಕಬ್ಬಿನ ರವದಿ, ಅಂದರೆ ಒಣಗಿದ ಗರಿ, ಗುಡ್ಡೆ ಹಾಕಿ ಉರಿ ಹಚ್ಚುತ್ತಾರೆ. ಸುತ್ತಲೂ ನಾಲ್ಕು ಜನ ಕುಕ್ಕರಗಾಲಿನಲ್ಲಿ ಕುಳಿತು ಅಂಗೈ ಕಾಯಿಸಿಕೊಳ್ಳುತ್ತಾರೆ. ಆ ಬೆಂಕಿಗೆ ನಮ್ಮ ಕಡೆ ಒಂದು ಹೆಸರಿದೆ. ಶೇಕ... ಶೇಕಣಿ? ಅಲ್ಲ. ಶೇಕಾಟ? ಅದೂ ಅಲ್ಲ. ಎರಡು ದಿನ ನಾಲಿಗೆಯ ತುದಿಯಲ್ಲಿ ಕುಳಿತಿದ್ದ ಮಾತು ಇವತ್ತು ಚಹದ ಪಾತ್ರೆ ತಿಕ್ಕುವಾಗ ತಾನೇ ಜಾರಿ ಬಿತ್ತು. ಶೇಕೋಟಿ! ಮೂಲದಲ್ಲಿ ಅದು ಮರಾಠಿ ಮಾತೇ ಇರಬೇಕು. ಆದರೆ ಚಿಕ್ಕೋಡಿ, ನಿಪ್ಪಾಣಿ ಕಡೆಯ ಮಾತುಗಳಿಗೆ ಗಡಿ ಎಲ್ಲಿದೆ ಎಂದು ಯಾರೂ ತೋರಿಸಿಕೊಟ್ಟಿಲ್ಲ.

ನಾನೀಗ ಇರುವುದು ಹಿಮಾಚಲದ ಒಂದು ಗುಡ್ಡದ ಊರಿನಲ್ಲಿ. ಮಗಳು ಇಲ್ಲಿಯ ಆಸ್ಪತ್ರೆಯಲ್ಲಿ ನರ್ಸ್. ಇಲ್ಲಿ ರಾತ್ರಿ ಹೊರಗಿಟ್ಟ ನೀರು ಬೆಳಗಾಗುವಷ್ಟರಲ್ಲಿ ಗಾಜಾಗುತ್ತದೆ. ಆದರೂ ಖರೇ ಥಂಡಿ ಅಂದರೆ ನನಗೆ ನೆನಪಾಗುವುದು ಕೃಷ್ಣಾ ಹೊಳೆಯ ಮೇಲಿಂದ ಎದ್ದು ಕಬ್ಬಿನ ಹೊಲಗಳ ಮೇಲೆ ಮಲಗುವ ನಮ್ಮ ಊರ ಕಡೆಯ ಮಂಜು. ಇಲ್ಲಿಯವರು ಚಳಿಗೆ ತಯಾರಾಗಿ ಕೂತಿರುತ್ತಾರೆ. ನಮ್ಮವರಿಗೆ ಪ್ರತಿ ವರ್ಷವೂ ಅದು ಹೇಳದೆ ಕೇಳದೆ ಬಂದ ಬೀಗರು.

ನನ್ನ ತವರು ಕಬ್ಬೂರ. ಮೂವತ್ತು ವರ್ಷದ ಮೇಲೆ ನೌಕರಿ ಮಾಡಿದ್ದು ಅಂಕಲಿಯ ಆಚೆ, ಹೊಳೆ ದಂಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ, ಡ್ರಿಲ್ ಟೀಚರಳಾಗಿ. ಊರಿಗೆಲ್ಲ ನಾನು 'ಡ್ರಿಲ್ ಅಕ್ಕೋರು'. ದೂರದ ಓಟದ ಸ್ಪರ್ಧೆಗಳು ಬರುತ್ತಿದ್ದದ್ದು ಸರಿಯಾಗಿ ಚಳಿಗಾಲದಲ್ಲಿ. ಥಂಡಿ ಮತ್ತು ಓಟ ಎರಡೂ ಒಂದೇ ಮುಂಜಾನೆ ಕೂಡಿದರೆ ಏನಾದರೊಂದು ಫಜೀತಿ ಆಗಲೇಬೇಕು. ಆಗದ ವರ್ಷ ನನಗೆ ನೆನಪಿಲ್ಲ.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಇಷ್ಟು ವರ್ಷ ಎಷ್ಟೋ ಮಕ್ಕಳನ್ನು ಓಡಿಸಿದ ನಾನು, ಒಂದು ದಿನವೂ ದೂರದ ಓಟ ಓಡಿದವಳಲ್ಲ. ನಾನು ಕಲಿಯುವಾಗ ಹೆಣ್ಣುಮಕ್ಕಳಿಗೆ ನೂರು ಮೀಟರು, ಇನ್ನೂರು ಮೀಟರು, ಅಷ್ಟೇ. ಅದಕ್ಕಿಂತ ಹೆಚ್ಚು ಓಡಿದರೆ ಗಂಡ ಸಿಗುವುದಿಲ್ಲ ಎಂದು ನಮ್ಮ ಅವ್ವ ನಂಬಿದ್ದಳು. ಮುಂದೆ ಗಂಡ ಸಿಕ್ಕ, ನೌಕರಿ ಸಿಕ್ಕಿತು, ಕೊರಳಿಗೆ ಶಿಳ್ಳೆ ಬಂತು. ಆದರೆ ಮೂರು-ನಾಲ್ಕು ಕಿಲೋಮೀಟರ್ ಓಡಿ ಬಂದು, ಕೊನೆಯಲ್ಲಿ ಹಿಡಿದ ಟೇಪನ್ನು ಎದೆಯಿಂದ ಒಮ್ಮೆ ಹರಿಯಬೇಕು ಎಂಬ ಆಸೆ ಹಾಗೇ ಉಳಿಯಿತು. ಒಮ್ಮೆ ಇದನ್ನು ಬಾಯಿಬಿಟ್ಟು ಹೇಳಿದಾಗ ನಮ್ಮ ಶಾಲೆಯ ಗಣಿತದ ಮಾಸ್ತರು ಅಂದಿದ್ದರು:

"ಅಕ್ಕೋರ, ಊದೋರು ಓಡಬಾರದ್ರಿ. ಓಡೋರು ಊದಬಾರದು. ಲೆಕ್ಕಾ ತಪ್ಪತೈತಿ."

ಗುಡ್ಡ ಎಲ್ಲೈತಿ?

ನೌಕರಿಗೆ ಸೇರಿದ ಮೊದಲ ಚಳಿಗಾಲ. ಮೇಲಿನ ಆಫೀಸಿನಿಂದ ಒಂದು ಕಾಗದ ಬಂತು: 'ಶಾಲಾ ಮಟ್ಟದಲ್ಲಿ ಗುಡ್ಡಗಾಡು ಓಟವನ್ನು ನಡೆಸಿ ವರದಿ ಸಲ್ಲಿಸತಕ್ಕದ್ದು.'

ಹೊಲ, ಗದ್ದೆ, ದಿಣ್ಣೆ ಹಾಯ್ದು ಓಡುವ ಓಟಕ್ಕೆ ಸರಕಾರ ಇಟ್ಟ ಹೆಸರು ಅದು. ಆದರೆ ಆಗಿನ ಹೆಡ್ ಮಾಸ್ತರರು ಕಾಗದದಲ್ಲಿ ಇದ್ದದ್ದನ್ನು ಇದ್ದ ಹಾಗೆಯೇ ಓದುವವರು. ಕನ್ನಡಕ ಏರಿಸಿ, ಇಳಿಸಿ, ನನ್ನನ್ನು ಕರೆದರು.

"ಅಕ್ಕೋರ, ನಮ್ಮೂರಾಗ ಗುಡ್ಡ ಐತೇನ್ರಿ?"

"ಇಲ್ಲರೀ ಸರ್. ಎಲ್ಲಾ ಸಪಾಟ. ಕಬ್ಬ ಬಿಟ್ರ ಏನೂ ಎತ್ತರ ಇಲ್ಲ. ಆದ್ರ ಅದರ ಅರ್ಥ..."

"ಅರ್ಥ ನನಗ ಹೇಳಬ್ಯಾಡ್ರಿ. ಆದೇಶ ಅಂದ್ರ ಆದೇಶ. ಗುಡ್ಡ ಹುಡುಕ್ರಿ."

ಇಬ್ಬರೂ ಊರೆಲ್ಲ ತಿರುಗಿದೆವು. ಕೊನೆಗೆ ಗೌಡರ ಹೊಲದ ಮೂಲೆಯಲ್ಲಿ ಆಳೆತ್ತರದ ತಿಪ್ಪೆ ಕಂಡಿತು. ಹೆಡ್ ಮಾಸ್ತರರು ಅದನ್ನು ಒಂದು ಸುತ್ತು ಹಾಕಿ ನೋಡಿ, "ಇದ ನಮ್ಮ ಗುಡ್ಡ" ಎಂದು ತೀರ್ಮಾನ ಕೊಟ್ಟರು. ಮಕ್ಕಳು ಶಾಲೆಯಿಂದ ಹೊರಟು, ಹೊಲ ಹಾಯ್ದು, ತಿಪ್ಪೆ ಹತ್ತಿ, ಇಳಿದು, ತಿರುಗಿ ಬರಬೇಕು.

ಮರುದಿನ ಮುಂಜಾನೆ ಎಂಥ ಥಂಡಿ ಅಂದರೆ ಶಿಳ್ಳೆಯ ತಗಡು ತುಟಿಗೆ ಅಂಟುತ್ತಿತ್ತು. ಮಕ್ಕಳು ಬರಿಗಾಲಿನಲ್ಲಿ ಓಡಿದರು. ಹೋದರು. ಬರಲಿಲ್ಲ. ಹತ್ತು ನಿಮಿಷ ಕಾದು ನೋಡಿ, ನಾವೇ ಹುಡುಕಿಕೊಂಡು ಹೋದೆವು. ನೋಡಿದರೆ ಮೂವತ್ತು ಮಕ್ಕಳೂ ತಿಪ್ಪೆಯ ಮೇಲೆ ಮೊಣಕಾಲುವರೆಗೆ ಕಾಲು ಹೂತು, ಆನಂದದಿಂದ ಕಣ್ಣು ಮುಚ್ಚಿ ನಿಂತಿದ್ದಾರೆ. ತಿಪ್ಪೆಯಿಂದ ಹಬೆ ಏಳುತ್ತಿದೆ. ಹಳೆಯ ತಿಪ್ಪೆಯ ಒಳಗು ಚಳಿಗಾಲದಲ್ಲಿ ಬಾಣಂತಿಕೋಣೆಯ ಹಾಗೆ ಬೆಚ್ಚಗಿರುತ್ತದೆ ಎಂದು ನಮಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು.

"ಇಳೀರೋ!"

"ಸ್ವಲ್ಪ ತಡೀರಿ ಅಕ್ಕೋರ, ಇನ್ನೊಂದ ಕಾಲ ಬೆಚ್ಚಗಾಗಬೇಕು."

ಅಂತೂ ಅವರನ್ನು ಇಳಿಸಿಕೊಂಡು ಶಾಲೆಗೆ ಬಂದರೆ, ತಪಾಸಣೆಗೆ ಬಂದಿದ್ದ ಸಾಹೇಬರು ಬಾಗಿಲಲ್ಲಿ ನಿಂತಿದ್ದರು. ಸುತ್ತಲಿನ ಸಪಾಟು ಭೂಮಿಯನ್ನೆಲ್ಲ ನೋಡಿ ಕೇಳಿದರು: "ಗುಡ್ಡಗಾಡು ಓಟ ಅಂತ ಬರದೀರಿ. ಗುಡ್ಡ ಎಲ್ಲೈತ್ರಿ?"

ಹೆಡ್ ಮಾಸ್ತರರು ಮೂಗು ಮುಚ್ಚಿಕೊಂಡು, ಸಾಲಾಗಿ ಒಳಗೆ ಬರುತ್ತಿದ್ದ ಮಕ್ಕಳನ್ನು ತೋರಿಸಿದರು: "ಅರ್ಧಾ ಆ ಹೊಲದಾಗ ಐತಿ ಸರ್. ಇನ್ನರ್ಧಾ ಹುಡುಗರ ಕಾಲಿಗೆ ಹತ್ತೇತಿ."

ಮೊದಲು ಬಂದವರು ಯಾರು?

ಶೇಕೋಟಿಯ ಮಾತು ಬಂದದ್ದೇ ಈ ಪ್ರಸಂಗಕ್ಕಾಗಿ.

ಒಂದು ವರ್ಷ ಸುತ್ತಲಿನ ಶಾಲೆಗಳ ಹುಡುಗರಿಗೆಲ್ಲ ಕೂಡಿಸಿ ಐದು ಕಿಲೋಮೀಟರಿನ ಓಟ ಇಟ್ಟೆವು. ಅಂಕಲಿ ರಸ್ತೆಯ ಮೇಲೆ ಅರ್ಧ ದಾರಿಯಲ್ಲಿ ಗಣಿತದ ಮಾಸ್ತರರನ್ನು ನಿಲ್ಲಿಸಿದೆವು. ಅಲ್ಲಿಂದ ಹಾಯುವ ಹುಡುಗರ ನಂಬರು ಬರೆದುಕೊಳ್ಳುವುದು, ಯಾರೂ ಕಬ್ಬಿನ ಹೊಲದಲ್ಲಿ ಅಡ್ಡದಾರಿ ಹಿಡಿಯದಂತೆ ನೋಡುವುದು ಅವರ ಕೆಲಸ. ಗಣಿತದ ಮಾಸ್ತರರಿಗೆ ಥಂಡಿ ಅಂದರೆ ಜನ್ಮದ ವೈರ. ದೀಪಾವಳಿಗೆ ಏರಿಸಿದ ಮಂಕಿ ಕ್ಯಾಪನ್ನು ಅವರು ಇಳಿಸುತ್ತಿದ್ದುದು ಶಿವರಾತ್ರಿಗೆ. ದೀಪಾವಳಿಯ ಮೇಲೆ ಸೇರಿದ ಮಕ್ಕಳು ಫೆಬ್ರುವರಿ ಮುಗಿಯುವವರೆಗೆ ಅವರ ಕಿವಿ ನೋಡಿರುತ್ತಿರಲಿಲ್ಲ.

ನಾನು ಕೊನೆಯ ಗೆರೆಯಲ್ಲಿ ಶಿಳ್ಳೆ ಹಿಡಿದು ನಿಂತೆ. ಇಪ್ಪತ್ತು ನಿಮಿಷಕ್ಕೆ ಮೊದಲ ಹುಡುಗ ಬರಬೇಕು. ಅರ್ಧ ಗಂಟೆಯಾಯಿತು, ಮುಕ್ಕಾಲು ಗಂಟೆಯಾಯಿತು. ಮಂಜಿನೊಳಗಿಂದ ಬಂದದ್ದು ಒಂದು ಎಮ್ಮೆ ಮಾತ್ರ. ಇಪ್ಪತ್ತಮೂರು ಹುಡುಗರು, ಪಕ್ಕದಲ್ಲಿ ಕೆನಾಲು. ಸೈಕಲ್ ಹತ್ತಿ ತುಳಿದೆ.

ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ರಸ್ತೆಯ ಬದಿಗೆ ದೊಡ್ಡ ಶೇಕೋಟಿ ಕಂಡಿತು. ಸುತ್ತಲೂ ಮೂರು ಸುತ್ತಿನ ಕೋಟೆಯ ಹಾಗೆ ಇಪ್ಪತ್ತಮೂರು ಹುಡುಗರು. ನಡುವೆ ಕಂಬಳಿ ಹೊದ್ದ ಒಬ್ಬ ಅಜ್ಜ. ಅಜ್ಜನ ಪಕ್ಕದಲ್ಲಿ, ಎಲ್ಲರಿಗಿಂತ ಬೆಂಕಿಗೆ ಹತ್ತಿರ, ಒಂದು ಮಂಕಿ ಕ್ಯಾಪು.

"ಮಾಸ್ತರ! ಇದೇನ್ರಿ ಇದು?"

ಗಣಿತದ ಮಾಸ್ತರರು ತಿರುಗದೆಯೇ ಹೇಳಿದರು: "ಎಲ್ಲಾರ ನಂಬರೂ ಬರಕೊಂಡೇನ್ರಿ ಅಕ್ಕೋರ. ಒಬ್ಬರೂ ಅಡ್ಡದಾರಿ ಹಿಡದಿಲ್ಲ."

"ಓಟಾ ಎಲ್ಲಿ ಹೋತ್ರಿ?"

ಹುಡುಗರಲ್ಲಿ ಒಬ್ಬ ಅಂದ: "ಅಜ್ಜ ಕತಿ ಹೇಳಾಕತ್ತಾನ್ರಿ ಅಕ್ಕೋರ. ರಾಜಕುವರಿನ್ನ ಈಗಷ್ಟ ಹೊತ್ಕೊಂಡು ಹೋಗ್ಯಾರ. ಆಕಿ ಸಿಕ್ಕ ಕೂಡ್ಲೇ ಓಡತೇವ್ರಿ."

ಮತ್ತೆ ಓಡಿಸಲು ಹೊತ್ತಿರಲಿಲ್ಲ. ಪರೀಕ್ಷೆ ಇತ್ತು. ಬಹುಮಾನಕ್ಕೆ ತಂದ ಸ್ಟೀಲಿನ ತಂಬಿಗೆ ನನ್ನ ಸೈಕಲ್ಲಿನ ಚೀಲದಲ್ಲಿತ್ತು. ಗಣಿತದ ಮಾಸ್ತರರೇ ಒಂದು ದಾರಿ ತೋರಿಸಿದರು: "ಸಿಂಪಲ್ ಲೆಕ್ಕಾರಿ. ಈ ಶೇಕೋಟಿಗೆ ಯಾರು ಮೊದಲ ಬಂದಾರೋ ಅವರಿಗೆ ಮೊದಲನೇ ನಂಬರ ಕೊಡ್ರಿ."

ಎಲ್ಲರೂ ಒಪ್ಪಿದರು. ನಾನು ತಂಬಿಗೆ ತೆಗೆದು, "ಹೇಳ್ರಿ ಹಂಗಾದ್ರ, ಇಲ್ಲಿ ಎಲ್ಲಾರಕ್ಕಿಂತ ಮೊದಲ ಬಂದವರು ಯಾರು?" ಎಂದೆ.

ಅಜ್ಜ ಕಂಬಳಿಯೊಳಗಿಂದ ಕೈ ಹೊರಗೆ ಚಾಚಿದ.

"ತಾ ಇಲ್ಲೆ ತಂಗಿ. ನಾ ಕೋಳಿ ಕೂಗೂಕಿಂತ ಮೊದಲ ಬಂದೇನಿ."

ಓಡ, ಓಡ!

ನಿಪ್ಪಾಣಿ ಕಡೆ ಒಂದು ಓಟಕ್ಕೆ ನಮ್ಮ ಶಾಲೆಯ ಹುಡುಗಿಯರನ್ನು ಕರೆದುಕೊಂಡು ಹೋಗಿದ್ದೆ. ನಮ್ಮ ಹುಡುಗಿಯೊಬ್ಬಳು ಗಾಳಿಯ ಹಾಗೆ ಓಡುವವಳು. ಆ ದಿನ ಅವಳು ಗೆದ್ದರೆ ಜಿಲ್ಲೆಗೆ ಹೋಗುತ್ತಿದ್ದಳು. ಆದರೆ ಥಂಡಿಗೆ ಅವಳ ತಾಯಿ ಒಂದು ಷರತ್ತು ಹಾಕಿದ್ದಳು: ಕೊರಳಿಗೆ ಮಫ್ಲರ್ ಸುತ್ತಿಕೊಂಡೇ ಓಡಬೇಕು. ಅಪ್ಪನ ಮಫ್ಲರು. ಎರಡು ಸುತ್ತು ಸುತ್ತಿದ ಮೇಲೂ ಬೆನ್ನ ಹಿಂದೆ ಒಂದು ಮೊಳ ಬಾಲ ಉಳಿಯುತ್ತಿತ್ತು.

ಕೊನೆಯ ತಿರುವಿನಲ್ಲಿ ನಮ್ಮ ಹುಡುಗಿಯೇ ಮುಂದೆ. ಅವಳ ಹಿಂದೆ ಎರಡೇ ಹೆಜ್ಜೆಗೆ ಮರಾಠಿ ಶಾಲೆಯ ಒಬ್ಬಳು. ಆಚೆ ಸೀಮೆಯಿಂದ ಆ ವರ್ಷವಷ್ಟೇ ಬಂದು ಸೇರಿದ್ದವಳು. ನಾನು ರಸ್ತೆಯ ಬದಿಗೆ ನಿಂತು, ಇದ್ದ ಉಸಿರನ್ನೆಲ್ಲ ಹಾಕಿ ಕೂಗಿದೆ:

"ಓಡ! ಓಡ! ಓಡಬೇ!"

ಕೂಗಿದ್ದೇ ತಡ, ಆ ಮರಾಠಿ ಹುಡುಗಿ ನನ್ನ ಮುಖ ನೋಡಿದಳು. ಮುಂದಿದ್ದವಳ ಮಫ್ಲರ್ ನೋಡಿದಳು. ಕೈ ಚಾಚಿ ಬಾಲ ಹಿಡಿದು ಜೋರಾಗಿ ಎಳೆದಳು. ನಮ್ಮ ಹುಡುಗಿ ಬುಗುರಿಯ ಹಾಗೆ ಎರಡು ಸುತ್ತು ತಿರುಗಿದಳು. ಮಫ್ಲರ್ ಬಿಚ್ಚಿತು. ಇಬ್ಬರೂ ಅದರೊಳಗೆ ಸಿಕ್ಕಿಕೊಂಡು ರಸ್ತೆಯ ಮೇಲೆ ಕುಳಿತರು. ಅವರಿಬ್ಬರನ್ನೂ ದಾಟಿಕೊಂಡು ಮೂರನೆಯವಳು ನಿಧಾನವಾಗಿ ಹೋಗಿ ಟೇಪು ಹರಿದಳು.

ನಾನು ಬೆಂಕಿಯಾಗಿ ಹೋದೆ. "ಯಾಕ ಎಳದಿ ಬೇ?"

ಹುಡುಗಿ ಅಳುತ್ತ ಹೇಳಿದಳು: "ಬಾಯಿ, ತುಮ್ಹೀಚ ಮ್ಹಣಾಲಾತ ನಾ, ಓಢ ಓಢ!" ಅಂದರೆ, ಅಕ್ಕೋರೇ, ನೀವೇ ಅಲ್ಲವೇ ಹೇಳಿದ್ದು, ಓಢ ಎಂದು!

ಆಗ ತಲೆಗೆ ಹೊಳೆಯಿತು. ಮರಾಠಿಯಲ್ಲಿ 'ಓಢ' ಎಂದರೆ 'ಎಳಿ'. ಬೇರೆ ಶಾಲೆಯ ಅಕ್ಕೋರು ಇಷ್ಟು ಕಳಕಳಿಯಿಂದ ತನಗೆ ಉಪಾಯ ಹೇಳಿಕೊಡುತ್ತಿದ್ದಾರಲ್ಲ ಎಂದು ಆ ಮಗುವಿಗೆ ಖುಷಿಯೇ ಆಗಿತ್ತಂತೆ.

ನಮ್ಮ ಹುಡುಗಿ ಮರುವರ್ಷ ಮಫ್ಲರಿಲ್ಲದೆ ಓಡಿ ಜಿಲ್ಲೆಗೆ ಹೋದಳು. ನಾನು ಮಾತ್ರ ಆಮೇಲೆ ಗಡಿಯ ಓಟಗಳಲ್ಲಿ ಬಾಯಿ ತೆರೆಯಲಿಲ್ಲ. ಬರೀ ಶಿಳ್ಳೆ. ಶಿಳ್ಳೆಗೆ ಎರಡೂ ಭಾಷೆ ಚೆನ್ನಾಗಿ ಬರುತ್ತವೆ.

ಟೇಪು ಬಿಸಿಲಿನಲ್ಲಿದೆ

ಇದು ಸಣ್ಣದು. ಆದರೆ ಬಿಡುವಂಥದ್ದಲ್ಲ.

ರಾಯಬಾಗ, ಕಾಗವಾಡದಿಂದೆಲ್ಲ ಹುಡುಗರು ಬಂದಿದ್ದ ಒಂದು ದೊಡ್ಡ ಓಟ. ಮುಗಿಯುವುದು ನಮ್ಮ ಶಾಲೆಯ ಅಂಗಳದಲ್ಲಿ. ಸುಣ್ಣದ ಗೆರೆ ಹಾಕಿ, ಅತಿಥಿಗಳಿಗೆ ಕುರ್ಚಿ ಇಟ್ಟು, ಟೇಪು ಹಿಡಿದು ನಿಂತೆವು. ಕಟ್ಟಡದ ನೆರಳು ಸರಿಯಾಗಿ ಗೆರೆಯ ಮೇಲೆ ಬಿದ್ದಿತ್ತು. ನೆರಳಿನಲ್ಲಿ ಅತಿಥಿಗಳ ಹಲ್ಲು ಕಟಕಟ ಎನ್ನತೊಡಗಿದವು. ಒಬ್ಬರು ಕುರ್ಚಿಯನ್ನು ನಲವತ್ತು ಹೆಜ್ಜೆ ಆಚೆ, ಬಿಸಿಲಿಗೆ, ಎಳೆದುಕೊಂಡರು. ಅವರನ್ನು ನೋಡಿ ಇನ್ನೊಬ್ಬರು. ಆಮೇಲೆ ಟೇಬಲ್ಲು. ಅದರ ಹಿಂದೆ ಬಹುಮಾನದ ಕಪ್ಪು. ಅತಿಥಿಗಳೇ ಅಲ್ಲಿರುವಾಗ ಟೇಪು ಇಲ್ಲಿದ್ದು ಏನು ಪ್ರಯೋಜನ? ಅದೂ ಹೋಯಿತು.

ಮೊದಲ ಹುಡುಗ ಬಾಣದ ಹಾಗೆ ಬಂದ. ಸುಣ್ಣದ ಗೆರೆ ಮುಟ್ಟಿ, ಎರಡೂ ಕೈ ಮೇಲೆತ್ತಿ, ಅಲ್ಲೇ ಬಿದ್ದ. ಸುತ್ತಲೂ ನೋಡುತ್ತಾನೆ, ಯಾರೂ ಇಲ್ಲ.

"ಟೇಪ ಎಲ್ಲೈತ್ರಿ?"

ನಲವತ್ತು ಹೆಜ್ಜೆ ಆಚೆಯಿಂದ ಗಣಿತದ ಮಾಸ್ತರರು ಕೂಗಿದರು: "ಬಿಸಿಲಾಗ ಐತೋ! ಬಾ, ಬಾ, ಇಲ್ಲೆ ಬೆಚ್ಚಗೈತಿ!"

ಅವನು ಎದ್ದು ಬರುವಷ್ಟರಲ್ಲಿ ಇನ್ನಿಬ್ಬರು ದಾಟಿ ಹೋಗಿದ್ದರು. ದೊಡ್ಡ ತಕರಾರಾಯಿತು. ಅವನ ಶಾಲೆಯ ಮಾಸ್ತರರು, "ಟೇಪು ಹಿಡಿದವರಿಗೆ ಬುದ್ಧಿ ಬೇಡವೇ?" ಎಂದು ಹಾರಾಡಿದರು. ನಾನೂ ಅವರೊಂದಿಗೆ ದನಿ ಸೇರಿಸಿ, ಗಣಿತದ ಮಾಸ್ತರರಿಗೆ ಚೆನ್ನಾಗಿ ಬೈದೆ. ಕಪ್ಪನ್ನು ಆ ಹುಡುಗನಿಗೇ ಕೊಡಿಸಿದೆ.

ಟೇಪಿನ ಇನ್ನೊಂದು ತುದಿ ಹಿಡಿದಿದ್ದವಳು ನಾನೇ. ನನಗೂ ಥಂಡಿ ಇತ್ತು.

ಬೆಲ್ಲ ಬೇಡವೆಂದ ತಪ್ಪು

ರಿಟೈರ್ ಆಗುವ ಹಿಂದಿನ ಚಳಿಗಾಲ. ಆ ವರ್ಷ ಮೊದಲ ಬಾರಿಗೆ ಟೀಚರುಗಳಿಗೂ ಓಟ ಇಟ್ಟರು. ಹೆಣ್ಣುಮಕ್ಕಳಿಗೆ ಮೂರು ಕಿಲೋಮೀಟರು. ಸುತ್ತಲಿನ ಶಾಲೆಗಳ ಐದು ಜನ ಎಳೆಯ ಟೀಚರುಗಳು ಹೆಸರು ಕೊಟ್ಟರು. ಆರನೆಯ ಹೆಸರು ನಾನು ಬರೆಸಿದೆ.

ಅಷ್ಟೊತ್ತಿಗೆ ನಮ್ಮ ಗಣಿತದ ಮಾಸ್ತರರೇ ಹೆಡ್ ಮಾಸ್ತರರಾಗಿದ್ದರು. ಪಟ್ಟಿ ನೋಡಿ ಮಂಕಿ ಕ್ಯಾಪಿನೊಳಗಿಂದ ಕಣ್ಣು ಅರಳಿಸಿದರು.

"ಅಕ್ಕೋರ, ಮುಂದಿನ ವರ್ಷ ರಿಟೈರ್ ಆಗೋರು ನೀವು."

"ಅದಕ್ಕ ಈ ವರ್ಷ ಓಡತೇನ್ರಿ."

"ಈ ಥಂಡ್ಯಾಗ? ಮೊಣಕಾಲ ಹಿಡಕೊಂಡ್ರ?"

"ಹಿಡಕೊಂಡ್ರ ಹಿಡಕೋಲಿ. ಒಮ್ಮೆ ಟೇಪ ಹರೀಬೇಕ್ರಿ ನಾನು. ಎಷ್ಟನೇ ನಂಬರ ಬಂದ್ರೂ ಅಡ್ಡಿಯಿಲ್ಲ."

ಅವರು ಪಟ್ಟಿ ಮಡಿಚಿ ಕಿಸೆಗೆ ಹಾಕಿಕೊಂಡರು. "ಆತು. ಟೇಪ ನಾನ ಹಿಡದಿರ್ತೇನಿ. ಎಷ್ಟು ತಡಾ ಆದ್ರೂ ಬಿಡೂದಿಲ್ಲ. ಬರ್ರಿ ನೀವು."

ಸೀರೆಗೆ ಕಚ್ಚೆ ಹಾಕಿ, ಮೇಲೆ ಸ್ವೇಟರು, ತಲೆಗೆ ಮಫ್ಲರು, ಕಾಲಿಗೆ ಮಗಳ ಹಳೆಯ ಕ್ಯಾನ್ವಾಸ್ ಬೂಟು. ಶಿಳ್ಳೆ ಬೇರೆಯವರು ಊದಿದರು. ಅದೊಂದೇ ಎಷ್ಟು ವಿಚಿತ್ರ ಅನಿಸಿತು! ಎಳೆಯ ಟೀಚರುಗಳು ಒಂದು ಫರ್ಲಾಂಗಿನಲ್ಲಿ ಮಂಜಿನೊಳಗೆ ಕರಗಿ ಹೋದರು. ರಸ್ತೆಯ ಮೇಲೆ ನಾನೊಬ್ಬಳೇ. ಬಾಯಿಂದ ಹಬೆ. ಥಂಡಿಗಾಳಿ ಕಣ್ಣಿಗೆ ಬಡಿದು ಧಾರಾಕಾರ ನೀರು. ಮೂಗಿನ ಕತೆ ಹೇಳುವುದೇ ಬೇಡ.

ಮೊದಲು ಸಿಕ್ಕವನು ಹಾಲಿನ ಕ್ಯಾನು ಕಟ್ಟಿದ ಮೋಟಾರ್ ಸೈಕಲ್ಲಿನವನು. ನನ್ನದೇ ಹಳೆಯ ವಿದ್ಯಾರ್ಥಿ. ಗಾಡಿ ನಿಧಾನ ಮಾಡಿ ಪಕ್ಕಕ್ಕೆ ಬಂದ.

"ಅಕ್ಕೋರ! ಏನಾತ್ರಿ? ಹತ್ರಿ ಗಾಡಿ!"

"ಬ್ಯಾಡ ತಮ್ಮಾ..."

"ದವಾಖಾನಿಗೇನ್ರಿ?"

ಉತ್ತರ ಕೊಡಲು ಉಸಿರಿರಲಿಲ್ಲ. ಕೈ ಅಲ್ಲಾಡಿಸಿದೆ. ವಯಸ್ಸಾದ ಅಕ್ಕೋರು ನಸುಕಿನಲ್ಲಿ ಅಳುತ್ತ ಓಡುತ್ತಿದ್ದಾರೆ, ಗಾಡಿ ಕೊಟ್ಟರೂ ಹತ್ತುತ್ತಿಲ್ಲ ಎಂದರೆ ಅವನಾದರೂ ಏನು ತಿಳಿಯಬೇಕು? ಕ್ಯಾನುಗಳನ್ನು ದಡಬಡ ಎನ್ನಿಸುತ್ತ ನನ್ನ ಹಿಂದೆಯೇ ಬಂದ.

ಮುಂದೆ ಗಾಣ. ಚಳಿಗಾಲದಲ್ಲಿ ನಮ್ಮ ಕಡೆ ಕಬ್ಬಿನ ಗಾಣ ಹೂಡಿ ಬೆಲ್ಲ ಕಾಸುತ್ತಾರೆ. ಗಾಣದ ಮುಂದೆ ಹಾಯುವವರು ವೈರಿಯಾದರೂ ಸರಿ, ಕರೆದು ಬಿಸಿ ಬೆಲ್ಲ ಕೊಡಬೇಕು. ಕರೆದಾಗ ಯಾರೂ ಒಲ್ಲೆ ಎನ್ನುವಂತಿಲ್ಲ. ಒಲ್ಲೆ ಎನ್ನುವವರು ಒಬ್ಬರೇ: ಮನೆಯಲ್ಲಿ ಸಾವಾಗಿ ಸೂತಕ ಹಿಡಿದವರು.

ಗಾಣದ ಯಜಮಾನರು ಕಬ್ಬಿನ ಗರಿಯ ಮೇಲೆ ಬೆಲ್ಲದ ಮುದ್ದೆ ಹಿಡಿದು ಓಡಿ ಬಂದರು. "ಬರ್ರಿ ಅಕ್ಕೋರ, ಥಂಡ್ಯಾಗ ಬಿಸಿ ಬೆಲ್ಲ ತಗೋರಿ!"

ನಾನು ತಲೆಯಲ್ಲಾಡಿಸಿದೆ.

"ಬೆಲ್ಲ ಒಲ್ಲೆ ಅಂತೀರಿ? ಯಾಕ್ರಿ, ಏನಾಗೇತಿ?"

'ಹೆಡ್ ಮಾಸ್ತರು ಟೇಪು ಹಿಡಿದು ನಿಂತಿದ್ದಾರೆ, ನಾನು ಹೋಗಬೇಕು' ಎಂದು ಹೇಳುವುದು ನನ್ನ ಮನಸ್ಸಿನಲ್ಲಿತ್ತು. ಬಾಯಿಂದ ಬಂದದ್ದು ಇಷ್ಟೇ:

"ಹೆಡ್ ಮಾಸ್ತರು... ಹೋ..."

ಉಸಿರು ಅಲ್ಲಿಗೇ ನಿಂತಿತು. ನಾನು ಓಡಿದೆ.

ಹಿಂದೆ ಯಜಮಾನರು ಕೂಗಿದರಂತೆ: "ಅಯ್ಯಯ್ಯೋ! ಹೆಡ್ ಮಾಸ್ತರು ಹೋದ್ರಂತ್ರೋ! ಕೊಪ್ಪರಿಗಿ ಇಳಸ್ರಿ! ನಡೀರಿ!" ನನಗೆ ಅದು ಏನೆಂದು ತಿಳಿಯಲಿಲ್ಲ. ಕಿವಿಗೆ ಮಫ್ಲರ್ ಇತ್ತು. ಹಿಂದೆ ದಬದಬ ಹೆಜ್ಜೆಯ ಸಪ್ಪಳ ಮಾತ್ರ ಕೇಳುತ್ತಿತ್ತು. ನನಗೆ ಅನಿಸಿದ್ದು ಒಂದೇ: 'ಅರೆ! ನಾನು ಕೊನೆಯವಳಲ್ಲ! ನನ್ನ ಹಿಂದೆಯೂ ಟೀಚರುಗಳಿದ್ದಾರೆ! ಗಾಣದಲ್ಲಿ ಬೆಲ್ಲಕ್ಕೆ ನಿಂತವರಿರಬೇಕು!' ಎಲ್ಲಿತ್ತೋ ಶಕ್ತಿ, ಜೋರು ಮಾಡಿದೆ. ಅವರೂ ಜೋರು ಮಾಡಿದರು.

ಹಿಂದೆ ನಡೆದ ಮಾತುಕತೆಯನ್ನೆಲ್ಲ ಹಾಲಿನವನು ಆಮೇಲೆ ನನಗೆ ಒಪ್ಪಿಸಿದ. ಬಸ್ ಸ್ಟ್ಯಾಂಡಿನ ಚಹದಂಗಡಿಯವನು ಜೊತೆಯಾಗಿ, "ನಿನ್ನಿ ಸಂಜಿಕ ಚಾ ಕುಡದಾರ್ರಿ. ಥಂಡಿ ಭಾಳ ಐತಿ ಅಂದ್ರು, ಪಾಪ. ಆ ಟೊಪ್ಪಿಗಿ ಇದ್ರೂ ಥಂಡಿ ಬಿಡಲಿಲ್ಲ ನೋಡ್ರಿ" ಎಂದನಂತೆ. ಕಟಿಂಗ್ ಅಂಗಡಿಯವನು ಅರ್ಧ ಗಡ್ಡದ ಗಿರಾಕಿಯನ್ನು ಕುರ್ಚಿಯ ಮೇಲೆಯೇ ಬಿಟ್ಟು ಬಂದ. ಗಿರಾಕಿಯೂ ಅರ್ಧ ಗಡ್ಡದಲ್ಲೇ ಬಂದ. ಅವನಂತೂ ಎಲ್ಲರಿಗಿಂತ ಹೆಚ್ಚು ಅತ್ತನಂತೆ: "ಮೂರ ಸಲ ಗಣಿತದಾಗ ಫೇಲ್ ಮಾಡಿದ್ರು ನನ್ನ. ಆದ್ರೂ ದೇವರಂಥಾ ಮನಷ್ಯಾ. ನಾ ಎಲ್ಲಾ ಮನ್ನಿಸಿಬಿಟ್ಟೇನಿ." ಹೂವಿನ ಅಂಗಡಿಯವಳು ಒಂದು ಹಾರವನ್ನೂ ಹಿಡಿದು ಬಂದಳು. ದಾರಿಯುದ್ದಕ್ಕೂ ಇನ್ನೂ ಎಷ್ಟೋ ಮಂದಿ ಸೇರಿಕೊಂಡರಂತೆ.

ಶಾಲೆಯ ಗೇಟು ದಾಟಿದೆ. ಐದೂ ಜನ ಟೀಚರುಗಳು ಯಾವಾಗಲೋ ಮುಟ್ಟಿ, ಗೋಡೆಯ ಬದಿಗೆ ಉಪ್ಪಿಟ್ಟು ತಿನ್ನುತ್ತಿದ್ದರು. ಹಾಗಾದರೆ ನನ್ನ ಹಿಂದೆ ಯಾರು? ತಿರುಗಿ ನೋಡುವ ಧೈರ್ಯವಾಗಲಿಲ್ಲ. ಅಂಗಳದ ನಡುವೆ ಮಂಜಿನೊಳಗೆ ಹೆಡ್ ಮಾಸ್ತರರು ನಿಂತಿದ್ದರು. ಥಂಡಿಗೆ ತಲೆಯಿಂದ ಕಾಲವರೆಗೆ ಬಿಳಿ ಚಾದರ ಹೊದ್ದಿದ್ದರು. ಹರಿದುಹೋದ ಟೇಪಿಗೆ ಗಂಟು ಹಾಕಿ, ಒಂದು ತುದಿಯನ್ನು ಕಂಬಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿದಿದ್ದರು. ನನಗಾಗಿ. ಆ ಮನುಷ್ಯನಿಗೆ ಥಂಡಿ ಅಂದರೆ ಏನೆಂದು ಗೊತ್ತಿದ್ದ ನನಗೆ ಈಗ ಖರೇನೇ ಕಣ್ಣೀರು ಬಂತು.

ಎದೆ ಮುಂದೆ ಮಾಡಿ ಟೇಪಿಗೆ ಬಿದ್ದೆ. ಹರಿಯಿತು.

ಅದೇ ಗಳಿಗೆಯಲ್ಲಿ ನನ್ನ ಹಿಂದೆ ಗಾಣದ ಯಜಮಾನರು ಕಿಟಾರನೆ ಕಿರುಚಿದರು: "ದೆವ್ವ!"

ಮುಂದಿದ್ದವರು ಗಕ್ಕನೆ ನಿಂತರು. ಹಿಂದಿನವರು ಅವರ ಮೇಲೆ ಬಿದ್ದರು. ಎಲ್ಲರೂ ಒಂದೇ ಗುಂಪಾಗಿ ಉರುಳಿಕೊಂಡು ಗೆರೆ ದಾಟಿದರು. ಹಾಲಿನ ಕ್ಯಾನೊಂದು ಎಲ್ಲರಿಗಿಂತ ಮುಂದೆ ಉರುಳಿತು.

"ಯಾಕ್ರೋ? ಯಾಕ ಅಳಾಕತ್ತೀರಿ ಎಲ್ಲಾರೂ?" ಹೆಡ್ ಮಾಸ್ತರರು ಗಾಬರಿಯಾದರು.

"ಸರ್... ನೀವು ಹೋದ್ರಂತಲ್ರೀ..."

"ಎಲ್ಲಿ ಹೋಗ್ಲೋ? ಮುಂಜಾನಿಂದ ಟೇಪ ಹಿಡಕೊಂಡ ನಿಂತೇನಿ!"

ಎಲ್ಲರೂ ನನ್ನ ಕಡೆ ತಿರುಗಿದರು. ಆಮೇಲೆ ಅರ್ಧ ಗಡ್ಡದವನು ಕಣ್ಣೊರೆಸಿಕೊಂಡು ಹೇಳಿದ: "ಸರ್, ದಾರ್ಯಾಗ ನಿಮ್ಮನ್ನ ಮನ್ನಿಸೇನಿ ಅಂದಿದ್ನಿ. ಅದನ್ನ ವಾಪಸ್ ತಗೊಂಡೇನ್ರಿ."

ಹೂವಿನವಳು ಹಾರ ವಾಪಸ್ ಒಯ್ಯಲು ಒಪ್ಪಲಿಲ್ಲ. ಅದನ್ನು ನನ್ನ ಕೊರಳಿಗೆ ಹಾಕಿದಳು. ಯಜಮಾನರು ಎಲ್ಲರಿಗೂ ಗಾಣದಿಂದ ಬೆಲ್ಲ ತರಿಸಿದರು. ಹೆಡ್ ಮಾಸ್ತರರು ಎಷ್ಟೆಂದರೂ ಗಣಿತದವರು. ಚಾದರದೊಳಗಿಂದ ಬೆರಳು ಹೊರಗೆ ತೆಗೆದು, ಗೆರೆ ದಾಟಿದ ತಲೆಗಳನ್ನೆಲ್ಲ ಎರಡು ಸಲ ಎಣಿಸಿದರು.

ಈ ಪ್ರಸಂಗವನ್ನು ಮೊಮ್ಮಗಳಿಗೆ ಇವತ್ತು ಹೇಳಬೇಕಾಯಿತು. ಈ ಗುಡ್ಡದ ಊರಿನಲ್ಲಿ ಮುಂದಿನ ವಾರ ಹಿಮದ ನಡುವೆ ಐದು ಕಿಲೋಮೀಟರಿನ ಓಟವಂತೆ. ನನ್ನ ಹೆಸರನ್ನೂ ಕೊಡುತ್ತಿದ್ದಾಳೆ. ಮೊಬೈಲಿನಲ್ಲಿ ಫಾರ್ಮು ತುಂಬುತ್ತ ಕೇಳಿದಳು: "ಅಜ್ಜಿ, ಮೊದಲು ಎಲ್ಲ್ಯಾರ ಓಡೀಯೇನು ಅಂತ ಕೇಳ್ಯಾರ. ಎಷ್ಟು ಮಂದಿ ಓಡಿದ್ರು, ನಿಂದು ಎಷ್ಟನೇ ನಂಬರ?"

"ಬರಿ ಮಗಳ. ನಲವತ್ತೇಳು ಮಂದ್ಯಾಗ ಆರನೇ ನಂಬರ ಅಂತ ಬರಿ. ಉಳದ ನಲವತ್ತೊಂದು ಮಂದಿ ಅಳಕೋತ ಓಡಿ ಬಂದಿದ್ರು ಅನ್ನೂದನ್ನ ಮಾತ್ರ ಬರೀಬ್ಯಾಡ."